ರಮ್ಲಾ ಹಂಚಿದ ಅರಿಶಿನದ ಅನ್ನ

ಕಾವಲು ಪೋಸ್ಟಿನ ಮುಂದಿದ್ದ ಮರಳುಮೂಟೆಗಳನ್ನು ಸೈನಿಕರು ತಾವೇ ಹೊತ್ತು ಲಾರಿಗೆ ತುಂಬುತ್ತಿದ್ದರು. ಅದನ್ನು ನೋಡಲು ಲೊಕ್ ಮೆರೆ ಊರಿನ ಜನ ಏನೇನೋ ನೆಪ ಮಾಡಿಕೊಂಡು ಆ ದಾರಿಯಲ್ಲಿ ಓಡಾಡುತ್ತಿದ್ದರು. ಒಬ್ಬ ಕೋಳಿ ಕಳೆದುಹೋಗಿದೆ ಎಂದ. ಇನ್ನೊಬ್ಬಳು ಗದ್ದೆಗೆ ನೀರು ಬಂತೇ ನೋಡಿಬರಬೇಕು ಎಂದಳು. ಅವಳಿಗೆ ಗದ್ದೆಯೇ ಇರಲಿಲ್ಲ. ರಮ್ಲಾ ಮಾತ್ರ ನೆಪ ಹುಡುಕಲಿಲ್ಲ. ಬಾಳೆಎಲೆಯ ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಪೋಸ್ಟಿನ ಎದುರಿಗೇ ನಿಂತು ಕಣ್ತುಂಬ ನೋಡಿದಳು.

"ಹೋಗ್ತಾ ಇದೀವಿ ಮಾಕ್," ಎಂದ ಒಬ್ಬ ಎಳೆಯ ಸೈನಿಕ, ತನ್ನ ಅಮ್ಮನಿಗೆ ಹೇಳುವ ಹಾಗೆ.

"ಹೋಗಪ್ಪ. ನಿಮ್ಮಮ್ಮನೂ ಬಾಗಿಲು ನೋಡ್ತಾ ಕೂತಿರ್ತಾಳೆ. ಆ ಹರಿದ ಮೂಟೆ ಎರಡು ಇಲ್ಲೇ ಬಿಟ್ಟುಹೋಗು, ನಮ್ಮ ಬಾವಿ ಹತ್ರ ಕೆಸರು."

ಅವನು ನಕ್ಕು, ಮೇಲಿನವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಮೂಟೆಯನ್ನು ಚರಂಡಿಯ ಪಕ್ಕಕ್ಕೆ ಉರುಳಿಸಿದ.

ಆಚೆ ಎಂಬ ಹೆಸರಿನ ಆ ಸೀಮೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಡೆದ ಕಾದಾಟ ಹೀಗೆ ಮುಗಿಯುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಆಚೆ ಬೇರೆ ದೇಶವಾಗಬೇಕು ಎಂದು ಗುಡ್ಡ ಹತ್ತಿದವರು ಒಂದು ಕಡೆ, ಆಗಕೂಡದು ಎಂದು ಜಾವಾದಿಂದ ಬಂದ ಸೈನಿಕರು ಇನ್ನೊಂದು ಕಡೆ, ನಡುವೆ ಕೋಳಿ, ಗದ್ದೆ, ಮಕ್ಕಳನ್ನು ಕಟ್ಟಿಕೊಂಡ ಊರವರು. ಹೋದ ವರ್ಷ ಸಮುದ್ರ ಉಕ್ಕಿ ಬಂದು ಕರಾವಳಿಯನ್ನೇ ಬಳಿದುಕೊಂಡು ಹೋದ ಮೇಲೆ ಎರಡೂ ಕಡೆಯವರಿಗೂ ದಣಿವಾಯಿತು. ಎಲ್ಲೋ ದೂರದ ಚಳಿ ದೇಶವೊಂದರಲ್ಲಿ ಕೂತು ಸಹಿ ಹಾಕಿದರು. ಬೇರೆ ದೇಶ ಇಲ್ಲ, ಆದರೆ ತಮ್ಮ ಆಡಳಿತ ತಮ್ಮದು. ಬಿಳಿ ಅಂಗಿಯ ಪರದೇಶದವರು ಬಂದು ಗುಡ್ಡದವರ ಬಂದೂಕುಗಳನ್ನು ಗರಗಸದಿಂದ ಕೊಯ್ದು ಹಾಕುತ್ತಿದ್ದರು. ರಮ್ಲಾಳ ಮಗ ಯೂಸ್ರಿ ತನ್ನ ಬಂದೂಕು ಒಪ್ಪಿಸಿ ಆಗಿತ್ತು. ಇವತ್ತು ಮಧ್ಯಾಹ್ನ ಮನೆಗೆ ಬರುವವನಿದ್ದ.

ನಾಳೆ ಬೆಳಿಗ್ಗೆ ಊರಿನ ಮೆನಾಸಾದಲ್ಲಿ, ಅಂದರೆ ಎಲ್ಲರೂ ನಮಾಜಿಗೂ ಪಂಚಾಯಿತಿಗೂ ಸೇರುವ ಮರದ ಮನೆಯಲ್ಲಿ, ಗುಡ್ಡ ಇಳಿದು ಬಂದ ನಾಲ್ವರಿಗೆ ತಂಪೆರೆಯುವುದಿತ್ತು. ಆಚೆಯಲ್ಲಿ ಮದುವೆಯಾದರೆ, ಹೊಸ ಮನೆ ಹೊಕ್ಕರೆ, ಮರದಿಂದ ಬಿದ್ದು ಬದುಕಿದರೆ, ಜಗಳವಾಡಿದವರು ರಾಜಿಯಾದರೆ, ಎಲ್ಲಕ್ಕೂ ತಂಪೆರೆಯಲೇಬೇಕು. ಚಾಪೆಯ ಮೇಲೆ ಕೂರಿಸಿ ತಲೆಗೆ ಅಕ್ಕಿ-ಭತ್ತ ಎರಚಿ, ತಂಪಿನ ಎಲೆಗಳ ಕಂತೆಯನ್ನು ನೀರಲ್ಲಿ ಅದ್ದಿ ಚಿಮುಕಿಸಿ, ಅರಿಶಿನದಲ್ಲಿ ಬೇಯಿಸಿದ ಅಂಟಕ್ಕಿ ಅನ್ನವನ್ನು ಚೂರು ಕಿವಿಯ ಹಿಂದೆ ಅಂಟಿಸಿ, ಒಂದು ತುತ್ತು ತಿನ್ನಿಸಬೇಕು. ಜೊತೆಯಾಗಿ ತಂಪೆರೆಸಿಕೊಂಡವರು ಮತ್ತೆ ಹಳೆಯ ಮಾತು ಎತ್ತುವ ಹಾಗಿಲ್ಲ. ಲೊಕ್ ಮೆರೆಯಲ್ಲಿ ಈ ಕೆಲಸಕ್ಕೆ ಮೂವತ್ತು ವರ್ಷದಿಂದ ರಮ್ಲಾಳೇ. ಅವಳ ಕೈ ತಂಪು ಎಂದು ಹೆಸರಾಗಿತ್ತು.

ಆ ಕೈಯಿಂದಲೇ ಒಂದು ಅನಾಹುತವಾಗಿದ್ದು ಊರಿನಲ್ಲಿ ಮೂರೇ ಜನಕ್ಕೆ ಪೂರ್ತಿಯಾಗಿ ಗೊತ್ತಿತ್ತು. ಒಬ್ಬಳು ರಮ್ಲಾ. ಇನ್ನಿಬ್ಬರು ಕಾಫಿ ಅಂಗಡಿಯ ಲೆಮಾನ್ ಮತ್ತು ಅವನ ಹೆಂಡತಿ ಜಹ್ರಾ.

ಎರಡು ವರ್ಷದ ಹಿಂದೆ, ಸೈನಿಕರ ಆಡಳಿತ ಬಂದ ವರ್ಷ, ಯೂಸ್ರಿ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದ. ಅವನನ್ನು ನೋಡಿ ಏಳು ತಿಂಗಳಾಗಿತ್ತು. ತೋಳಿನಲ್ಲಿ ಗುಂಡು ಸವರಿ ಹೋದ ಗಾಯ ಆಗಷ್ಟೇ ಒಣಗಿತ್ತು. ಸಾವಿನ ಬಾಯಿಂದ ಬಂದ ಮಗನಿಗೆ ತಂಪೆರೆಯದೆ ಕಳಿಸುವುದು ಹೇಗೆ? ರಮ್ಲಾ ಕಿಟಕಿ ಮುಚ್ಚಿ, ಪಿಸುಮಾತಿನಲ್ಲಿ ದುವಾ ಹೇಳಿ, ಎಲ್ಲ ಮಾಡಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಪಾತ್ರೆಯಲ್ಲಿ ಅನ್ನ ಉಳಿದಿತ್ತು. ಅಂಟಕ್ಕಿ ಬೇಯಿಸಿದ ಮನೆಯಿಂದ ಅಕ್ಕಪಕ್ಕಕ್ಕೆ ಒಂದೊಂದು ಪೊಟ್ಟಣ ಹೋಗಬೇಕು, ಹೋಗದಿದ್ದರೆ ತಂಪು ನಿಲ್ಲುವುದಿಲ್ಲ ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದಳು, ಅಮ್ಮನಿಗೆ ಅವಳಮ್ಮ. ತಲೆ ಬೇಡ ಅಂದಿತು, ಕೈ ಕೇಳಲಿಲ್ಲ. ಮೂರು ಪೊಟ್ಟಣ ಕಟ್ಟಿದಳು. ಮೂರನೆಯದನ್ನು ಕಾಫಿ ಅಂಗಡಿಯ ಹಿಂಬಾಗಿಲಲ್ಲಿ ಜಹ್ರಾಳ ಕೈಗೆ ಕೊಟ್ಟು ಬಂದಳು. ಮುಂದಿನ ಬೆಂಚಿನಲ್ಲಿ ಇಬ್ಬರು ಸೈನಿಕರು ಕೂತು ಕಾಫಿ ಕುಡಿಯುತ್ತಿದ್ದುದು ಅವಳಿಗೆ ಕಾಣಲಿಲ್ಲ.

ಅವರಲ್ಲೊಬ್ಬ ಆಚೆಯಲ್ಲಿ ಆರು ವರ್ಷ ಕಳೆದಿದ್ದ. ಮದುವೆಯಿಲ್ಲ, ಕೊಯ್ಲಿಲ್ಲ, ಹಬ್ಬವಿಲ್ಲ, ಈ ಹಳದಿ ಅನ್ನ ಯಾರಿಗಾಗಿ ಎಂದು ಕೇಳಿದ. "ನನ್ನ ಹೆಂಡತಿ ಮಾಡಿದ್ದು, ಸುಮ್ಮನೆ ಆಸೆಯಾಯ್ತಂತೆ," ಎಂದ ಲೆಮಾನ್. ಜಹ್ರಾಳ ಕೈ ತೋರಿಸಲು ಹೇಳಿದರು. ಬೆರಳಲ್ಲಿ ಅರಿಶಿನವಿರಲಿಲ್ಲ. ಬಂದೂಕಿನ ಹಿಡಿಯಿಂದ ಲೆಮಾನನ ಬಾಯಿಗೆ ಹೊಡೆದರು, ಎರಡು ಹಲ್ಲು ಹೋಯಿತು. ಅವನು ಮತ್ತೆ ಬಾಯಿ ಬಿಡಲಿಲ್ಲ. ಅವರು ಮನೆಮನೆಗೆ ನುಗ್ಗಿ ಹೆಂಗಸರ ಕೈ ನೋಡುತ್ತ ಬಂದರು. ನಾಲ್ಕನೆಯ ಮನೆ ರಮ್ಲಾಳದು. ಯೂಸ್ರಿ ಅಡುಗೆಮನೆಯಿಂದ ಹಾರಿ ಗದ್ದೆಗೆ ಬಿದ್ದು ಓಡಿದ. ಮೀನಖಂಡಕ್ಕೆ ಗುಂಡು ಬಿದ್ದರೂ ತಪ್ಪಿಸಿಕೊಂಡ. ಮನೆಗೆ ಬೆಂಕಿ ಇಟ್ಟರು.

ಬೂದಿಯ ಮುಂದೆ ನಿಂತಿದ್ದಾಗ ನೆರೆಯವರು ಕೇಳಿದರು: "ಯಾರು ಹೇಳಿದ್ದು ಅವರಿಗೆ?"

"ಲೆಮಾನನ ಅಂಗಡಿ ಕಡೆಯಿಂದ ಬಂದ್ರು," ಎಂದಳು ರಮ್ಲಾ.

ಅದು ಸುಳ್ಳಲ್ಲ. ಉಳಿದದ್ದನ್ನು ಊರು ತಾನೇ ಪೂರೈಸಿತು. ಸಂಜೆಗೆ ಲೆಮಾನ್ ಚಾಡಿಕೋರನಾಗಿದ್ದ. ಗಂಡಸರೆಲ್ಲ ಸೇತುವೆಯ ಆಚೆಯ ಅಂಗಡಿಗೆ ಕಾಫಿಗೆ ಹೋಗತೊಡಗಿದರು. ರಮ್ಲಾಳೇ ಪೊಟ್ಟಣ ಕೊಟ್ಟದ್ದು ಎಂದು ಅವನು ಒಂದೆರಡು ಸಲ ಹೇಳಿನೋಡಿದ. ಮನೆ ಸುಟ್ಟುಹೋದ ವಿಧವೆಯ ಮೇಲೆ ಗೂಬೆ ಕೂರಿಸುತ್ತಾನೆ ಎಂದು ಇನ್ನಷ್ಟು ಉಗಿದರು. ಹಲ್ಲು ತೋರಿಸಿದರೆ, ಕುಡಿದು ಬಿದ್ದಿರಬೇಕು ಎಂದರು. ಅವನು ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಪೊಟ್ಟಣ ತಿಂದ ಇನ್ನೆರಡು ಮನೆಯವರು ತುಟಿ ಹೊಲಿದುಕೊಂಡು ಕೂತರು. ಮೊದಲ ವಾರ ರಮ್ಲಾ ಹೇಳಲಿಲ್ಲ, ಸೈನಿಕರ ಭಯ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಪ್ರತಿದಿನವೂ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಗುತ್ತ ಹೋಯಿತು. ಹೇಳಿದರೆ ಮಗನ ಕಾಲಿನ ಗುಂಡು ತಾನೇ ಹೊಡೆದ ಹಾಗೆ ಆಗುತ್ತಿತ್ತು.

ಎಲೆಯ ಕಟ್ಟು ಹೊತ್ತು ಅವಳು ಲೆಮಾನನ ಅಂಗಡಿಯ ಮುಂದೆ ಬಂದಾಗ ಅವನು ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿಯುತ್ತಿದ್ದ.

"ಏನು ಲೆಮಾನ್, ಬೆಂಚಿಗೂ ಹಗ್ಗ ಕಟ್ತಿದೀಯ? ಓಡಿಹೋಗ್ತವಾ?"

"ಬೆಂಚು ಓಡಲ್ಲ ಕಕ್, ನಾನೇ ಓಡ್ತಿರೋದು. ನಾಳೆ ಲಾರಿ ಬರುತ್ತೆ. ಮೇದಾನ್ ಪಟ್ಟಣದಲ್ಲಿ ಜಹ್ರಾ ತಮ್ಮ ಮಾರ್ಕೆಟ್ ಹತ್ರ ಒಂದು ಮೂಲೆ ನೋಡಿದಾನೆ." ಅಕ್ಕ ಎನ್ನುವ ಹಾಗೆ ಕಕ್ ಎಂದು ಕರೆದರೂ ಅವನು ತಲೆಯೆತ್ತಲಿಲ್ಲ. "ಅಲ್ಲಿ ಯಾರೂ ನನ್ನ ಚಾಡಿಕೋರ ಅನ್ನಲ್ಲ. ಅಲ್ಲಿ ನಾನು ಯಾರು ಅಂತ್ಲೇ ಯಾರಿಗೂ ಗೊತ್ತಿಲ್ಲ ನೋಡಿ."

"ನೀನೂ ಯೂಸ್ರಿ ಪಕ್ಕ ಚಾಪೆ ಮೇಲೆ ಕೂರ್ತೀಯ ಅಂತ ಗೆಚಿಕ್ ಹೇಳ್ತಿದ್ರು. ಇಬ್ಬರಿಗೂ ಒಟ್ಟಿಗೆ ನೀರು ಹಾಕಿಬಿಟ್ರೆ ಮುಗೀತು ಅಂತ." ಗೆಚಿಕ್ ಎಂದರೆ ಊರಿನ ಮುಖಂಡ, ಒಳ್ಳೆಯವನು, ಆದರೆ ಎಲ್ಲವನ್ನೂ ಬೇಗ ಮುಗಿಸಿ ಊಟಕ್ಕೆ ಏಳುವ ಆತುರದವನು.

ಲೆಮಾನ್ ಹಗ್ಗ ಬಿಟ್ಟು ನೆಟ್ಟಗೆ ನಿಂತ. "ನಾನು ಕೂತ್ರೆ ಏನರ್ಥ ಕಕ್? ನೀನು ಮಾಡಿದ್ದು ಮನೆಹಾಳು ಕೆಲಸ, ಆದ್ರೂ ನಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೀವಿ ಅಂತ ತಾನೆ? ನಿಮ್ಮ ಮಗ ಕ್ಷಮಿಸ್ತಾನಂತೆ, ಗೆಚಿಕ್ ಕ್ಷಮಿಸ್ತಾರಂತೆ. ಕ್ಷಮೆ ತಗೊಂಡವನು ತಪ್ಪು ಒಪ್ಪಿಕೊಂಡ ಹಾಗೆ. ನನ್ನ ಮೊಮ್ಮಕ್ಕಳ ತಲೆ ಮೇಲೂ ಆ ನೀರು ತೊಟ್ಟಿಕ್ತಾ ಇರುತ್ತೆ. ಬೇಡ."

ಒಳಗಿನಿಂದ ಜಹ್ರಾಳ ದನಿ ಬಂತು. "ಕಕ್‌ಗೆ ಎಲೆ ಸಾಕಾ ಕೇಳ್ರೀ. ನಮ್ಮ ಹಿತ್ತಿಲ ಬಾಳೆ ಹೇಗೂ ಬಿಟ್ಟೇ ಹೋಗ್ತಿದೀವಲ್ಲ. ಪೊಟ್ಟಣ ಕಟ್ಟೋಕೆ ಬೇಕಾಗುತ್ತೆ ಅವರಿಗೆ."

ರಮ್ಲಾ ಮುಂದೆ ನಡೆದಳು. ತಲೆಯ ಮೇಲಿನ ಎಲೆಯ ಕಟ್ಟು ಕಲ್ಲಿನಷ್ಟು ಭಾರವಾಗಿತ್ತು.

ಯೂಸ್ರಿ ಮಧ್ಯಾಹ್ನ ಬಂದ. ಗುಡ್ಡ ಹತ್ತುವಾಗ ದುಂಡಗಿದ್ದ ಮುಖ ಈಗ ಮೂಳೆ ಮೂಳೆಯಾಗಿತ್ತು, ಬಲಗಾಲು ಎಳೆದು ಹಾಕುತ್ತಿದ್ದ. ಅಮ್ಮನ ಕೈಯನ್ನು ಹಣೆಗೊತ್ತಿಕೊಂಡು ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಸುತ್ತ ನೋಡಿ, "ಹೊಸ ಮನೆ ಹಳೇದಕ್ಕಿಂತ ಚೆನ್ನಾಗಿದೆಯಲ್ಲ ಮಾಕ್. ಇನ್ನೊಂದ್ಸಲ ಸುಡಿಸಿದ್ರೆ ಮಹಡಿ ಮನೆಯೇ ಆಗ್ತಿತ್ತು," ಎಂದ.

"ಮುಚ್ಚೋ ಬಾಯಿ," ಎಂದು ನಗುತ್ತ ಅಳುತ್ತ ಅನ್ನ ಬಡಿಸಿದಳು. ಅವನು ಮೀನಿನ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡ. ಬಾಗಿಲು ತೆರೆದಿತ್ತು. ತೆರೆದ ಬಾಗಿಲ ಎದುರು ಕೂತು ಊಟ ಮಾಡುವುದು ಅವನಿಗೆ ಅಭ್ಯಾಸ ತಪ್ಪಿತ್ತು, ರಸ್ತೆಯಲ್ಲಿ ಸೈಕಲ್ ಹೋದರೂ ಕೈ ನಿಲ್ಲುತ್ತಿತ್ತು. ಯಾರೋ ನೆರೆಯವರು, ಬೇರೆ ಯಾರೂ ಅಲ್ಲ ಎಂದು ಕಂಡ ಮೇಲೆ ಮತ್ತೆ ತುತ್ತು ಎತ್ತುತ್ತಿದ್ದ. ಊಟ ಮುಗಿಯುವ ಹೊತ್ತಿಗೆ ಸೈಕಲ್ ಕಡೆ ನೋಡುವುದನ್ನು ಬಿಟ್ಟಿದ್ದ. ಅದನ್ನು ಕಂಡು ರಮ್ಲಾಳ ಮೈಯೆಲ್ಲ ಸಡಿಲವಾಯಿತು.

"ನಾಳೆ ಆ ಲೆಮಾನನ ಪಕ್ಕ ಕೂರಿಸ್ತಾರಂತೆ," ಎಂದ ಅವನು ಕೈ ತೊಳೆಯುತ್ತ.

"ಹೂಂ."

"ಕೂರ್ತೀನಿ ಬಿಡು. ಯಾರ ಮೇಲೂ ಕೈ ಎತ್ತಲ್ಲ ಅಂತ ಕಮಾಂಡರ್ ಮುಂದೆ ಮಾತು ಕೊಟ್ಟಿದೀನಿ. ಆದ್ರೆ ಅವನ ಅಂಗಡಿ ಕಾಫಿ ಮಾತ್ರ ಸಾಯೋವರೆಗೂ ಕುಡಿಯಲ್ಲ. ಅವನ ಮಕ್ಕಳು ಮಾಡಿಕೊಟ್ರೂ ಕುಡಿಯಲ್ಲ."

"ಯೂಸ್ರಿ, ಆ ದಿನ..."

"ಆ ದಿನದ ಅನ್ನ ನೆನಪಿಸ್ಬೇಡ ಮಾಕ್. ಗುಡ್ಡದಲ್ಲಿ ಉಪ್ಪಿಲ್ಲದ ಗೆಣಸು ತಿನ್ನೋವಾಗೆಲ್ಲ ಕಣ್ಣುಮುಚ್ಚಿ, ಇದು ನಮ್ಮಮ್ಮನ ಅಂಟಕ್ಕಿ, ಇದು ನಮ್ಮಮ್ಮನ ಅಂಟಕ್ಕಿ ಅಂದುಕೊಂಡೇ ನುಂಗ್ತಿದ್ದೆ. ಅದೇ ನನ್ನ ಉಳಿಸಿದ್ದು."

ಅವಳು ಎದ್ದು ಅಂಟಕ್ಕಿ ನೆನೆಹಾಕಲು ಹೋದಳು.

ಮರುದಿನ ಬೆಳಿಗ್ಗೆ ಮೆನಾಸಾದ ಅಂಗಳದಲ್ಲಿ ಗಂಡಸರು ದೊಡ್ಡ ಕೊಪ್ಪರಿಗೆಯಲ್ಲಿ ಮೇಕೆಯ ಮಾಂಸವನ್ನು ಎಳೆ ಹಲಸಿನ ಜೊತೆ ಬೇಯಿಸುತ್ತಿದ್ದರು. ಉಪ್ಪು ಎಷ್ಟು ಎಂದು ಇಬ್ಬರು ಮುದುಕರು ಜಗಳ ಆಡುತ್ತಿದ್ದರು. ಬಿಳಿ ಅಂಗಿಯ ಪರದೇಶಿಯೊಬ್ಬ, ತಾಳೆಮರದಷ್ಟು ಎತ್ತರದವನು, ಕೊಪ್ಪರಿಗೆಯೊಳಗೆ ಇಣುಕಿ ಇಣುಕಿ ನೋಡುತ್ತಿದ್ದ. ಗುಡ್ಡ ಇಳಿದ ನಾಲ್ವರೂ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮದುಮಕ್ಕಳ ಹಾಗೆ ನಾಚಿಕೊಂಡು ಚಾಪೆಯ ಮೇಲೆ ಕೂತಿದ್ದರು. ಯೂಸ್ರಿಯ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ಲೆಮಾನ್ ಬಂದಿರಲಿಲ್ಲ. ಬಂದಿರಲಿಲ್ಲ ಎಂದರೆ ಒಳಗೆ ಬಂದಿರಲಿಲ್ಲ. ಅವನ ಸಾಮಾನು ತುಂಬಿದ ಲಾರಿ ಅಂಗಳದ ಅಂಚಿನಲ್ಲೇ ನಿಂತಿತ್ತು. ಮಾಂಸದ ವಾಸನೆ ಮೂಗಿಗೆ ಬಡಿದದ್ದೇ ಡ್ರೈವರ್ ಲಾರಿ ನಿಲ್ಲಿಸಿ ಇಳಿದುಬಿಟ್ಟಿದ್ದ. ಊಟವಾಗದೆ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ಅವನು ಹಟ ಹಿಡಿದು ಕೊಪ್ಪರಿಗೆಯ ಪಕ್ಕ ಕೂತಿದ್ದ. ಲೆಮಾನ್, ಜಹ್ರಾ ಇಬ್ಬರೂ ಲಾರಿಯ ಮುಂಭಾಗದ ಸೀಟಿನಲ್ಲಿ ಎದುರಿಗೆ ನೋಡುತ್ತ ಕೂತಿದ್ದರು, ಫೋಟೋಕ್ಕೆ ಕೂತವರ ಹಾಗೆ.

"ಬರದಿದ್ರೆ ಬಿಡಲಿ," ಎಂದ ಗೆಚಿಕ್. "ತಪ್ಪು ಮಾಡಿದವನಿಗೆ ಮುಖ ತೋರಿಸೋಕೆ ಧೈರ್ಯ ಎಲ್ಲಿರುತ್ತೆ? ಶುರುಮಾಡಿ ತೆಂಗ್ಕು, ಮಾಂಸ ಆರಿಹೋಗುತ್ತೆ."

ತೆಂಗ್ಕು, ಊರಿನ ವಯಸ್ಸಾದ ಇಮಾಮ್, ದುವಾ ಹೇಳಿ ಮೊದಲು ನೀರು ಚಿಮುಕಿಸಿದರು. ಆಮೇಲೆ ಹರಿವಾಣ ರಮ್ಲಾಳ ಮುಂದೆ ಬಂತು. ಅವಳು ಅಕ್ಕಿ-ಭತ್ತ ಎರಚಿದಳು. ಎಲೆಯ ಕಂತೆ ಅದ್ದಿ ಮೊದಲನೆಯವನ ತಲೆ, ಕೈ, ಪಾದಕ್ಕೆ ಚಿಮುಕಿಸಿದಳು; ಕಿವಿಯ ಹಿಂದೆ ಅನ್ನ ಅಂಟಿಸಿದಳು. ಎರಡನೆಯವನು, ಮೂರನೆಯವನು. ಯೂಸ್ರಿಯ ಮುಂದೆ ಮಂಡಿಯೂರಿದಾಗ ಅವನು ಹಸುಗೂಸಿನ ಹಾಗೆ ತಲೆ ಬಗ್ಗಿಸಿದ. ಅವನ ಪಕ್ಕದ ಖಾಲಿ ಜಾಗ ಅವಳ ಕಣ್ಣಿಗೆ ಚುಚ್ಚಿತು. ಈ ನೀರು ಈಗ ಬಿದ್ದರೆ ಆಯಿತು, ಮಾತು ಮುಚ್ಚಿಹೋಯಿತು. ಲಾರಿ ಹೋಗುತ್ತದೆ. ಇನ್ನು ನಲವತ್ತು ವರ್ಷ ಈ ಊರಿನಲ್ಲಿ ಲೆಮಾನ್ ಎಂದರೆ ಚಾಡಿಕೋರ.

ಅವಳು ಎಲೆಯ ಕಂತೆಯನ್ನು ಹರಿವಾಣದಲ್ಲಿಟ್ಟಳು. ಹರಿವಾಣ ಎತ್ತಿಕೊಂಡು ಎದ್ದಳು.

"ಎಲ್ಲಿಗೆ ಕಕ್?" ಎಂದ ಗೆಚಿಕ್.

ರಮ್ಲಾ ಮೆಟ್ಟಿಲಿಳಿದು ಅಂಗಳ ದಾಟಿ ಲಾರಿಯ ಬಾಗಿಲ ಬಳಿ ನಿಂತಳು. ಊರಿಡೀ ಹಿಂದೆ ಬಂತು. ಡ್ರೈವರ್ ಕೂಡ ತಟ್ಟೆ ಹಿಡಿದು ಬಂದ.

"ಇಳಿ ಲೆಮಾನ್."

"ನಿನ್ನೆನೇ ಹೇಳಿದೆನಲ್ಲ ಕಕ್. ನಾನು ಚಾಪೆ ಮೇಲೆ ಕೂರಲ್ಲ."

"ನೀನು ಕೂರಬೇಡ. ನಾನು ಕೂರ್ತೀನಿ." ಅವಳು ಲಾರಿಯ ಪಕ್ಕದ ನೆಲದ ಮೇಲೇ ಕೂತು ಹರಿವಾಣವನ್ನು ಮುಂದೆ ತಳ್ಳಿದಳು. "ಇಳಿದು ಬಂದು ನನಗೆ ನೀರು ಹಾಕು."

"ಏನ್ ಮಾಡ್ತಿದೀಯ ಮಾಕ್?" ಎಂದು ಯೂಸ್ರಿ ಕುಂಟುತ್ತ ಓಡಿಬಂದ.

"ನೀನು ಸುಮ್ಮನಿರು, ಇಲ್ಲೇ ನಿಂತು ಕೇಳು. ಮತ್ತೆ ಹೇಳೋ ಧೈರ್ಯ ಇದೆಯೋ ಇಲ್ವೋ ಗೊತ್ತಿಲ್ಲ." ಅವಳ ದನಿ ಅವಳಿಗೇ ವಿಚಿತ್ರವಾಗಿ ಜೋರಾಗಿ ಕೇಳಿತು. "ಸೈನಿಕರಿಗೆ ಲೆಮಾನ್ ಹೇಳಲಿಲ್ಲ. ನಿನಗೆ ಮಾಡಿದ ಅನ್ನ ಮಿಕ್ಕಿತ್ತು. ನಾನೇ ಪೊಟ್ಟಣ ಕಟ್ಟಿ ಹಂಚಿದೆ. ಇವನ ಮನೆಗೂ ಕೊಟ್ಟೆ. ಅಲ್ಲಿದ್ದ ಸೈನಿಕರು ಅದನ್ನ ನೋಡಿದ್ರು. ಹೆಂಡತಿ ಮಾಡಿದ್ದು ಅಂತ ಇವನು ಸುಳ್ಳು ಹೇಳಿದ, ನಮ್ಮನ್ನ ಉಳಿಸೋಕೆ. ಅದಕ್ಕೇ ಹಲ್ಲು ಮುರಿದ್ರು. ನನ್ನ ಬೆರಳ ಅರಿಶಿನ ನೋಡಿ ಹಿಡಿದ್ರು. ಎರಡು ವರ್ಷ ನನಗೆ ಗೊತ್ತಿತ್ತು. ಎರಡು ವರ್ಷ ಬಾಯಿ ಬಿಡಲಿಲ್ಲ."

ಅಂಗಳದಲ್ಲಿ ಕೊಪ್ಪರಿಗೆ ಕುದಿಯುತ್ತಲೇ ಇತ್ತು. ಯೂಸ್ರಿಯ ದವಡೆ ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ರಮ್ಲಾ ಅವನ ಮುಖ ನೋಡಲಿಲ್ಲ. ಅವನ ಕಾಲನ್ನೇ ನೋಡುತ್ತಿದ್ದಳು.

ಗುಂಪಿನ ಹಿಂದಿನಿಂದ ಪಕ್ಕದ ಮನೆಯ ಮುದುಕಿ ಹಪ್ಸಾ ಕೆಮ್ಮಿದಳು. "ನಮ್ಮನೆಗೂ ಬಂದಿತ್ತು ಒಂದು ಪೊಟ್ಟಣ. ನಾನು ಗಬಗಬ ತಿಂದು ಎಲೆ ಒಲೆಗೆ ಹಾಕಿದೆ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಗೆಚಿಕ್ ರೇಗಿದ.

"ನೀವು ಕೇಳಿದ್ರಾ? ಲೆಮಾನನ್ನ ಬಯ್ಯೋಕೇ ನಿಮಗೆ ಪುರುಸೊತ್ತಿರಲಿಲ್ಲ. ಇನ್ನೊಂದು ಪೊಟ್ಟಣ ನಿಮ್ಮ ಮನೆಗೇ ಬಂದಿದ್ದು, ನಿಮ್ಮ ಹೆಂಡ್ತೀನ ಕೇಳಿ."

ಗೆಚಿಕ್ ಹೆಂಡತಿಯ ಕಡೆ ತಿರುಗಿದ. ಅವಳು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ಆಕಾಶ ನೋಡಿದಳು. "ನೀವೂ ಅರ್ಧ ತಿಂದ್ರಿ," ಎಂದಳು. "ಉಪ್ಪು ಕಮ್ಮಿ ಅಂದ್ರಿ."

ಯಾರೋ ಒಬ್ಬರು ನಗು ತಡೆಯಲಾರದೆ ಮೂಗಿನಲ್ಲಿ ಸದ್ದು ಮಾಡಿದರು. ಇನ್ನೊಬ್ಬರು ಜೋರಾಗಿಯೇ ನಕ್ಕರು. ಇಪ್ಪತ್ತೊಂಬತ್ತು ವರ್ಷ ಅದುಮಿಟ್ಟ ಉಸಿರು ಹೊರಗೆ ಬಂದ ಹಾಗೆ ನಗು ಅಂಗಳದ ತುಂಬ ಹರಡಿತು. ಗೆಚಿಕ್‌ನ ಕಿವಿ ಕೆಂಪಾಯಿತು. ಏನೂ ಅರ್ಥವಾಗದ ಬಿಳಿ ಅಂಗಿಯವನೂ ನಕ್ಕ.

ಯೂಸ್ರಿ ಮಾತ್ರ ನಗಲಿಲ್ಲ. ಅಮ್ಮನ ಎದುರು ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತ. "ನೀನು ಪೊಟ್ಟಣ ಕಟ್ಟೋವಾಗ ನಾನು ಅಲ್ಲೇ ಕೂತಿದ್ದೆ ಮಾಕ್," ಎಂದ ನಿಧಾನವಾಗಿ. "ನೋಡ್ತಾನೇ ಇದ್ದೆ. ಏಳು ತಿಂಗಳು ಗುಡ್ಡದಲ್ಲಿ ಬೆಂಕಿ ಕಡ್ಡಿ ಗೀರೋಕೂ ಹೆದರಿದವನು, ಆವಾಗ ಬೇಡ ಅನ್ನಬೇಕು ಅಂತ ನನಗೂ ಹೊಳೀಲಿಲ್ಲ. ಅಂಟಕ್ಕಿ ಮಾಡಿದ್ರೆ ಹಂಚಬೇಕು, ಅಷ್ಟೇ ತಲೇಲಿದ್ದಿದ್ದು." ಅವನು ಲಾರಿಯ ಕಡೆ ತಲೆಯೆತ್ತಿ, ಚಿಕ್ಕಪ್ಪನನ್ನು ಕರೆಯುವ ಹಾಗೆ ಕರೆದ. "ಅಪಾ ಲೆಮಾನ್, ಗುಡ್ಡದಲ್ಲಿ ದಿನಾ ಒಂದ್ಸಲ ನಿಮ್ಮನ್ನ ಮನಸ್ಸಿನಲ್ಲೇ ಗುಂಡಿಟ್ಟು ಕೊಂದಿದೀನಿ. ಲೆಕ್ಕವೇ ಇಲ್ಲ."

"ಅದಕ್ಕೇ ಇಷ್ಟು ಸಣ್ಣಗಾಗಿದೀನಿ," ಎಂದ ಲೆಮಾನ್.

ಅವನು ಇಳಿದ. ಇಳಿದು ಹರಿವಾಣದ ಮುಂದೆ ನಿಂತು ಎಲೆಯ ಕಂತೆಯನ್ನು ನೋಡಿದ. "ನನಗೆ ಇದೆಲ್ಲ ಮಾಡೋಕೆ ಬರಲ್ಲ. ಮುದುಕಿಯರ ಕೆಲಸ. ಆಗುತ್ತಾ ತೆಂಗ್ಕು?"

"ನೀರು ಯಾರ ಕೈಯಿಂದ ಬಿದ್ರೂ ತಂಪೇ," ಎಂದರು ತೆಂಗ್ಕು. "ಕಂತೆ ತಲೆಕೆಳಗಾಗಿ ಹಿಡಿದಿದೀಯ, ತಿರುಗಿಸು."

ಲೆಮಾನ್ ತಿರುಗಿಸಿ ಅದ್ದಿದ. ಅಭ್ಯಾಸವಿಲ್ಲದ್ದರಿಂದ ಚಿಮುಕಿಸಿದ ನೀರು ಚೆಲ್ಲಿದ ಹಾಗಾಗಿ ರಮ್ಲಾಳ ಮುಖ, ಎದೆ, ಮಡಿಲು ಎಲ್ಲ ಒದ್ದೆಯಾಯಿತು. ತಣ್ಣನೆಯ ನೀರು ಕತ್ತಿನ ಹಿಂದಿನಿಂದ ಬೆನ್ನಿಗಿಳಿದಾಗ ಅವಳು ಎರಡು ವರ್ಷದಿಂದ ಹೊತ್ತದ್ದನ್ನು ನೆಲಕ್ಕಿಟ್ಟವಳ ಹಾಗೆ ದೊಡ್ಡ ಉಸಿರು ಬಿಟ್ಟಳು. ಮೂವತ್ತು ವರ್ಷ ಬೇರೆಯವರಿಗೆ ಈ ನೀರು ಹಾಕಿದ್ದಳು. ಇದು ಹೇಗಿರುತ್ತದೆಂದು ತನ್ನ ಮದುವೆಯ ದಿನದಿಂದ ಮರೆತೇಹೋಗಿತ್ತು.

"ಕ್ಷಮಿಸಿದೆಯಾ ಲೆಮಾನ್?"

"ಅಷ್ಟು ಸುಲಭವಾಗಿ ಇಲ್ಲ ಕಕ್." ಅವನು ಕಂತೆಯನ್ನು ಕೆಳಗಿಟ್ಟ. "ಎರಡು ವರ್ಷ ನನ್ನ ಮುಂದಿನ ಬೆಂಚು ಖಾಲಿ ಇತ್ತು. ಈಗ ನೀವು ಹೇಳಿದ್ದು ಇಲ್ಲಿರೋರು ಕೇಳಿದ್ರು. ಪಕ್ಕದೂರಿನವರು ಕೇಳಿಲ್ಲ, ರಸ್ತೇಲಿ ಹೋಗೋರು ಕೇಳಿಲ್ಲ. ನಾಳೆಯಿಂದ ದಿನಾ ಬೆಳಿಗ್ಗೆ ನೀವು ಬಂದು ನನ್ನ ಅಂಗಡಿ ಮುಂದಿನ ಬೆಂಚಲ್ಲಿ ಕೂತು ಕಾಫಿ ಕುಡಿಯಬೇಕು. ಎಲ್ಲರಿಗೂ ಕಾಣೋ ಹಾಗೆ. ಕೇಳಿದೋರಿಗೆಲ್ಲ ಯಾಕೆ ಅಂತ ನೀವೇ ಹೇಳಬೇಕು."

ಹೆಂಗಸರೆಲ್ಲ ಒಟ್ಟಿಗೆ ಗುಜುಗುಜು ಎಂದರು. ಕಾಫಿ ಅಂಗಡಿಯ ಬೆಂಚಿನಲ್ಲಿ ಲೊಕ್ ಮೆರೆಯ ಹೆಂಗಸು ಇದುವರೆಗೆ ಕೂತದ್ದಿಲ್ಲ. ಬೇಕಾದರೆ ಹಿಂಬಾಗಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ತೆಗೆದುಕೊಂಡು ಹೋಗುವುದು.

"ಗಂಡಸರ ಮಧ್ಯೆನಾ?" ಎಂದಳು ರಮ್ಲಾ.

"ಗಂಡಸರ ಮಧ್ಯೆ."

"ಎಷ್ಟು ದಿನ?"

"ಎರಡು ವರ್ಷ," ಎಂದು ಲಾರಿಯ ಸೀಟಿನಿಂದ ಜಹ್ರಾ ಹೇಳಿದಳು. "ಒಂದು ದಿನವೂ ಕಮ್ಮಿ ಇಲ್ಲ. ಹಬ್ಬದ ರಜೆ ಇಲ್ಲ."

"ಉಪವಾಸದ ತಿಂಗಳು?"

ಜಹ್ರಾ ಯೋಚಿಸಿದಳು. "ಉಪವಾಸದ ತಿಂಗಳು ಸೂರ್ಯ ಮುಳುಗಿದ ಮೇಲೆ."

ಲಾರಿಯ ಡ್ರೈವರ್ ಬಾಯಿ ಒರೆಸಿಕೊಂಡು ಮುಂದೆ ಬಂದ. "ಹಾಗಾದ್ರೆ ಈ ಬೆಂಚೆಲ್ಲ ಇಳಿಸೋದಾ? ಬೆಳಿಗ್ಗೆ ಏರಿಸೋಕೆ ನನ್ನ ಸೊಂಟ ಮುರಿದಿದೆ. ನಾನಂತೂ ಕೈ ಹಚ್ಚಲ್ಲ."

ಕೈ ಹಚ್ಚಲು ಅವನೇ ಬೇಕಿರಲಿಲ್ಲ. ಯೂಸ್ರಿ ಆಗಲೇ ಲಾರಿಯ ಹಿಂದೆ ಹತ್ತಿ ಹಗ್ಗ ಬಿಚ್ಚುತ್ತಿದ್ದ. ಗುಡ್ಡ ಇಳಿದ ಮಿಕ್ಕ ಮೂವರು ಕಿವಿಯ ಹಿಂದೆ ಅನ್ನ ಅಂಟಿಸಿಕೊಂಡೇ ಒಲೆ, ಕೆಟಲ್, ಗಾಜಿನ ಲೋಟಗಳ ಪೆಟ್ಟಿಗೆ ಕೈಗೆ ಕೈ ದಾಟಿಸಿದರು. ಗೆಚಿಕ್ ಒಂದು ಬೆಂಚಿನ ತುದಿ ಹಿಡಿದ. ಯಾರೂ ಅವನಿಗೆ ಏನೂ ಹೇಳಲಿಲ್ಲ, ಆದರೆ ಭಾರವಾದ ತುದಿಯನ್ನೇ ಅವನ ಕೈಗೆ ಕೊಟ್ಟರು.

ಮಾರನೆಯ ಬೆಳಿಗ್ಗೆ ರಮ್ಲಾ ಒಗೆದ ದಪ್ಪ ಬಟ್ಟೆ ಉಟ್ಟು, ತಲೆಯ ಬಟ್ಟೆ ಬಿಗಿ ಮಾಡಿ, ಮಸೀದಿಗೆ ಹೋಗುವವಳ ಗಾಂಭೀರ್ಯದಲ್ಲಿ ಕಾಫಿ ಅಂಗಡಿಗೆ ಬಂದಳು. ಮುಂದಿನ ಬೆಂಚು ಆಗಲೇ ತುಂಬಿತ್ತು. ಏಳೆಂಟು ಗಂಡಸರು ಅವಳನ್ನು ಕಂಡು ಒಬ್ಬರನ್ನೊಬ್ಬರು ತಳ್ಳಿಕೊಂಡು ಜಾಗ ಮಾಡಿದರು. ಯೂಸ್ರಿ ನಡುವೆ ಕೂತಿದ್ದ. ಸಾಯುವವರೆಗೂ ಕುಡಿಯುವುದಿಲ್ಲ ಎಂದಿದ್ದ ಕಾಫಿಯ ಎರಡನೆಯ ಲೋಟ ಅವನ ಕೈಯಲ್ಲಿತ್ತು. ಅದರ ಬಗ್ಗೆ ಅಮ್ಮ ಏನಾದರೂ ಅಂದಾಳೆಂದು ಅವನು ಹೆದರಿ ನೋಡಿದ. ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಕೂತಳು.

ಲೆಮಾನ್ ಉದ್ದನೆಯ ಬಟ್ಟೆಚೀಲದಿಂದ ಕಾಫಿಯನ್ನು ತಲೆಯೆತ್ತರದಿಂದ ಸೋಸಿ ಅವಳ ಮುಂದಿಟ್ಟ. ಅವಳು ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಅಯ್ಯೋ, ಇದೇನಿದು, ಕಷಾಯ! ಇದಕ್ಕಾ ನೀವೆಲ್ಲ ಅರ್ಧ ದಿನ ಇಲ್ಲಿ ಬಿದ್ದಿರೋದು?"

"ಸಕ್ಕರೆ ಹಾಕಲಾ ಕಕ್?"

"ಹಾಕು. ಇನ್ನೂ ಹಾಕು. ಎರಡು ವರ್ಷ ಕುಡಿಯೋಳು ನಾನು."

ಪಕ್ಕದೂರಿನ ಮೀನಿನವನು ಸೈಕಲ್ ನಿಲ್ಲಿಸಿ ಬಾಯಿ ತೆರೆದು ನೋಡುತ್ತ ನಿಂತಿದ್ದ. "ಇದೇನು ಮಾಕ್, ನೀವು ಇಲ್ಲಿ?"

ರಮ್ಲಾ ಲೋಟ ಕೆಳಗಿಟ್ಟು, ಬೆಂಚಿನ ಮೇಲೆ ಇನ್ನಷ್ಟು ಆರಾಮಾಗಿ ಒರಗಿಕೊಂಡಳು.

"ಮೀನು ಹಾಳಾಗೋ ಅವಸರ ಇಲ್ದಿದ್ರೆ ಬಾ, ಕೂತ್ಕೋ," ಎಂದಳು. "ಮೊದಲಿಂದ ಹೇಳ್ತೀನಿ."